ನಿಪ್ಪೋ ಸೆಲ್ಲು, ಮೂರು ಕಾರ್ಡು

1994ರಲ್ಲಿ ನನಗೆ 19 ವರ್ಷ. ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ಶಿಲ್ಲಾಂಗಿನ ಹುಡುಗನೊಬ್ಬ ಎರಡು ಕ್ಯಾಸೆಟ್ ಕೊಟ್ಟು, 'ಒಂದು ವಾರ, ಅಷ್ಟೇ' ಅಂದ. ಒಂದು ಅಮೆರಿಕದ ರಮೋನ್ಸ್, ಇನ್ನೊಂದು ಇಂಗ್ಲೆಂಡಿನ ದಿ ಕ್ಲ್ಯಾಶ್, ಎರಡೂ ಪಂಕ್ ರಾಕ್ ಬ್ಯಾಂಡು. ಸಯ್ಯಾಜಿರಾವ್ ರಸ್ತೆ ಹತ್ತಿರದ ಒಂದು ಅಂಗಡಿಗೆ ಓಡಿದೆ. ಜೇಬಿನಲ್ಲಿದ್ದ ದುಡ್ಡಿಗೆ ಸಿಕ್ಕಿದ್ದು ಅರವತ್ತು ನಿಮಿಷದ ಒಂದೇ ಖಾಲಿ ಕ್ಯಾಸೆಟ್. ಎರಡನ್ನೂ ಅದರಲ್ಲೇ ತುಂಬಿಸಿಕೊಡಿ ಅಂದೆ.

ರಮೋನ್ಸ್ ಸರಿಯಾಗಿ ಕೂತಿತು. 1976ರ ಆ ಮೊದಲ ಆಲ್ಬಮ್‌ನಲ್ಲಿ 14 ಹಾಡು, ಎಲ್ಲಾ ಸೇರಿ 29 ನಿಮಿಷ. ಒಂದು ಕಡೆಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಕ್ಲ್ಯಾಶ್‌ನವರ 'ಲಂಡನ್ ಕಾಲಿಂಗ್' 19 ಹಾಡು, 65 ನಿಮಿಷ. ಅಂಗಡಿಯವರು ಹೇಳದೆ ಕೇಳದೆ ಮಧ್ಯದಲ್ಲೇ ಕತ್ತರಿಸಿದ್ದರು. ಎಷ್ಟೋ ವರ್ಷ ನಾನು ಅರ್ಧ ಕ್ಲ್ಯಾಶ್‌ನ ಅಭಿಮಾನಿ!

ಗಿಟಾರ್ ಬಂದಿದ್ದು ಆಮೇಲೆ. ಹಳೇ ಗಿವ್ಸನ್, ಸೆಕೆಂಡ್ ಹ್ಯಾಂಡ್. ನಾನು ಎಡಚ. ಎಡಗೈಯವರ ಗಿಟಾರ್ ಮೈಸೂರಿನಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಊಟ, ಬರವಣಿಗೆ ಎಲ್ಲಾ ಮನೆಯಲ್ಲಿ ಬೈದು ಬಲಗೈಗೆ ತಿರುಗಿಸಿದ್ದರು, ಇದೂ ಒಂದು ಆಗಲಿ ಅಂದುಕೊಂಡೆ. ಕ್ಲ್ಯಾಶ್‌ನ ಜೋ ಸ್ಟ್ರಮ್ಮರ್ ಕೂಡ ಎಡಚ, ಬಲಗೈಯಲ್ಲೇ ಬಾರಿಸುತ್ತಿದ್ದ ಅಂತ ಎಲ್ಲೋ ಓದಿದ ದಿನ ಅಮ್ಮನಿಗೆ ತೋರಿಸಿದೆ. 'ನೋಡಿದ್ಯಾ, ಅವರ ಮನೇಲೂ ಬೈದಿರ್ತಾರೆ' ಅಂದರು.

ರಮೋನ್ಸ್ ಅಂದರೆ ಮೂರು ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಯಾರು ಬೇಕಾದರೂ ನುಡಿಸಬಹುದು ಅಂತಾರೆ. ಅರ್ಧ ಸುಳ್ಳು. ಕಾರ್ಡು ಒತ್ತುವ ಎಡಗೈಗೆ ಅದು ನಿಜ. ತಂತಿ ಹೊಡೆಯುವ ಬಲಗೈಗೆ ಅಲ್ಲ. ಅವರ ಗಿಟಾರ್ ವಾದಕ ಜಾನಿ ರಮೋನ್ ಪಿಕ್ಕನ್ನು (ತಂತಿ ಮೀಟುವ ಚಿಕ್ಕ ಬಿಲ್ಲೆ) ಕೆಳಮುಖವಾಗಿ ಮಾತ್ರ ಹೊಡೆಯುತ್ತಿದ್ದ. ಮೇಲೆ ಹೋಗುವಾಗ ತಂತಿ ಮುಟ್ಟುವಂತಿಲ್ಲ. ಆ ಆಲ್ಬಮ್‌ನ ಮೊದಲ ಹಾಡು ನಿಮಿಷಕ್ಕೆ ಸುಮಾರು 175 ಬೀಟ್, ಬೀಟಿಗೆ ಎರಡು ಹೊಡೆತ. ಅಲ್ಲಿಗೆ ನಿಮಿಷಕ್ಕೆ 350. ನಾನು ಇಪ್ಪತ್ತು ಸೆಕೆಂಡಿಗೇ ಕೈ ಕೊಡವುತ್ತಿದ್ದೆ.

ದಾರಿ ತೋರಿಸಿದ್ದು ನಿಪ್ಪೋ ಸೆಲ್ಲು. ಟೇಪ್ ರೆಕಾರ್ಡರ್‌ನ ಸೆಲ್ ಇಳಿದಾಗ ಹಾಡು ನಿಧಾನ ಆಗುತ್ತಲ್ವಾ, ಗಾಯಕನಿಗೆ ಜ್ವರ ಬಂದ ಹಾಗೆ. ಆ ವೇಗಕ್ಕೆ ನನ್ನ ಕೈ ಓಡುತ್ತಿತ್ತು. ಅಲ್ಲಿಂದ ಸೆಲ್ ಬಿಸಾಡುವುದನ್ನೇ ಬಿಟ್ಟೆ. ಟಾರ್ಚಿನಿಂದ ತೆಗೆದದ್ದು, ರೇಡಿಯೋದಿಂದ ತೆಗೆದದ್ದು, ಎಲ್ಲಾ ಒಂದು ಬಿಸ್ಕತ್ ಡಬ್ಬಿಗೆ. ಮುಕ್ಕಾಲು ಸೋತ ಸೆಲ್ ಶುರುವಿಗೆ, ಅರ್ಧ ಸೋತದ್ದು ತಿಂಗಳಾದ ಮೇಲೆ. ಹೊಸದು ಪರೀಕ್ಷೆಗೆ.

ಒಂದೇ ತೊಂದರೆ. ಸೆಲ್ ಇಳಿದರೆ ಶ್ರುತಿಯೂ ಇಳಿಯುತ್ತದೆ. ಹಾಗಾಗಿ ತಂತಿಗಳನ್ನೂ ಸಡಿಲ ಮಾಡಿಕೊಳ್ಳುತ್ತಿದ್ದೆ. ಇದು ಕಳ್ಳ ಉಪಾಯ ಅಂತ ನಾಚಿಕೆ ಇತ್ತು, ಬ್ಲ್ಯಾಕ್ ಸಬ್ಬತ್ ಅನ್ನೋ ರಾಕ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿಯ ಕಥೆ ಗೊತ್ತಾಗುವವರೆಗೆ. ಅವನೂ ಎಡಚನೇ, ಆದರೆ ಎಡಗೈ ಗಿಟಾರನ್ನೇ ಹಿಡಿದವನು. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ, ಕೆಲಸದ ಕೊನೇ ದಿನ, ಯಂತ್ರಕ್ಕೆ ಸಿಕ್ಕಿ, ತಂತಿ ಒತ್ತುವ ಬಲಗೈಯ ಎರಡು ಬೆರಳಿನ ತುದಿ ಹೋದವು. ಆಗ ಅವನಿಗೆ 17. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಮುಂದೆ, 1971ರ ಹೊತ್ತಿಗೆ, ಬೆರಳಿಗೆ ಹಗುರ ಆಗಲಿ ಅಂತ ತಂತಿಗಳನ್ನು ಮೂರು ಸ್ವರಸ್ಥಾನ ಇಳಿಸಿದ. ಆ ಭಾರದ ಸದ್ದಿಗೆ ಅದೂ ಒಂದು ಕಾರಣ. ನನ್ನದು ಸೋತ ಸೆಲ್ಲು, ಬಿಡಿ.

ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ವೀಣೆ ಟೀಚರ್ ಇದ್ದರು. ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣಪತಿಯ ಕಛೇರಿಗಳನ್ನು ಒಂದೂ ಬಿಡದೆ ಕೇಳುವವರು. ಗಲಾಟೆಗೆ ಬೈಯಲು ಬಂದರು ಅಂತ ನಾನು ಗಿಟಾರನ್ನು ಮಂಚದ ಕೆಳಗೆ ತಳ್ಳಿದೆ.

'ತೆಗಿ ಮರಿ, ಬಾರಿಸು' ಅಂದರು. ಬಾರಿಸಿದೆ. ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕುತ್ತಾ ಕೇಳಿದರು. 'ಅವಲಕ್ಕಿ ಕುಟ್ಟಿದ ಹಾಗಿದೆ. ಇರಲಿ. ಆದ್ರೆ ನಿನ್ನ ಕಾಲಪ್ರಮಾಣ ಓಡ್ತಿದೆ ಕಣೋ. ಸುಸ್ತಾದಾಗ ಕೈ ನಿಧಾನ ಆಗಲ್ಲ, ಹೆದರಿ ಓಡುತ್ತೆ. ಕಾಲಲ್ಲಿ ತಾಳ ಹಾಕು, ಕೈ ಅದರ ಹಿಂದೆ ಬರಲಿ.' ಇಷ್ಟು ವರ್ಷ ರಾಕ್ ಬಗ್ಗೆ ಓದಿದ್ದರಲ್ಲಿ ಇಷ್ಟು ಕೆಲಸಕ್ಕೆ ಬಂದ ಮಾತು ನನಗೆ ಬೇರೆ ಸಿಕ್ಕಿಲ್ಲ.

ಪಂಕ್ ಅಂದರೆ ತಲೆಕೂದಲು, ಪಿನ್ನು, ಬೈಗುಳ ಅಂತ ನೆನಪಿಟ್ಟುಕೊಂಡವರೇ ಜಾಸ್ತಿ. ಸೆಕ್ಸ್ ಪಿಸ್ಟಲ್ಸ್ ಅನ್ನೋ ಪಂಕ್ ಬ್ಯಾಂಡು ನನಗೆ ಅಷ್ಟು ಹಿಡಿಸಲಿಲ್ಲ, ಹಾಡಿಗಿಂತ ಸುದ್ದಿ ದೊಡ್ಡದಾಯಿತು. ನನಗೆ ಇಷ್ಟವಾಗುವುದು ರಮೋನ್ಸ್‌ನವರ ಕೂಲಿ ಬುದ್ಧಿ. 22 ವರ್ಷ, 2,263 ಕಾರ್ಯಕ್ರಮ. ಜಾನಿಗೂ ಗಾಯಕ ಜೋಯಿಗೂ ವರ್ಷಗಟ್ಟಲೆ ಮಾತಿಲ್ಲ, ಆದರೂ ಒಂದೇ ವ್ಯಾನಿನಲ್ಲಿ ಊರೂರು ಸುತ್ತಿದರು. ಆಸ್ತಿ ಭಾಗ ಆದಮೇಲೂ ಒಂದೇ ಜಗಲಿಯಲ್ಲಿ ಕೂರುವ ಅಣ್ಣತಮ್ಮಂದಿರ ಹಾಗೆ. 2001ರಲ್ಲಿ ಜೋಯಿ ಹೋದ, ಮರುವರ್ಷ ಡೀ ಡೀ, 2004ರಲ್ಲಿ ಜಾನಿ, 2014ರಲ್ಲಿ ಟಾಮಿ. ಆ ಮೊದಲ ಆಲ್ಬಮ್‌ನ ನಾಲ್ವರಲ್ಲಿ ಈಗ ಯಾರೂ ಇಲ್ಲ.

ಉಳಿದರ್ಧ 'ಲಂಡನ್ ಕಾಲಿಂಗ್' ಆಮೇಲೆ ಸಿಡಿಯಲ್ಲಿ ಸಿಕ್ಕಿತು. ಚೆನ್ನಾಗಿದೆ. ಆದರೆ ಬಾಯಿಗೆ ಬರುವುದು ಮೊದಲರ್ಧವೇ.

ಈಗಲೂ ಭಾನುವಾರ ಸಂಜೆ ಮಹಡಿಯ ರೂಮಿನಲ್ಲಿ ಆ 14 ಹಾಡನ್ನೂ ವರಸೆಯಾಗಿ ಬಾರಿಸುತ್ತೇನೆ, ಸೆಲ್ಲಿನ ಸಹಾಯ ಇಲ್ಲದೆ. ಒಂಬತ್ತನೇ ಹಾಡಿಗೆ ಮಣಿಕಟ್ಟು ಉರಿಯಲು ಶುರು. ಹತ್ತರಿಂದ ಮೇಲಕ್ಕೂ ಕೆಳಕ್ಕೂ ಹೊಡೆದು ಮುಗಿಸುತ್ತೇನೆ. ಟೀಚರ್ ಇದ್ದಿದ್ದರೆ ಗೋಡೆ ಆಚೆಯಿಂದಲೇ ಕಂಡುಹಿಡಿಯುತ್ತಿದ್ದರು.