ಮಲೆನಾಡಿನ ಪುಟ್ಟ ಪೇಟೆಯಲ್ಲಿ ಜನ ಹೇಗೆ ಬದಲಾದರು: ಲೆಕ್ಕ ತೆಗೆಯುವ ಕ್ರಮ

“ಈಗ ತೋಟದಲ್ಲಿ ಪೂರ್ತಿ ಅಸ್ಸಾಂನವರೇ” ಎನ್ನುವ ಮಾತು ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಎಲ್ಲಿ ಹೋದರೂ ಕಿವಿಗೆ ಬೀಳುತ್ತದೆ. ಇದರಲ್ಲಿ ನಿಜ ಎಷ್ಟು, ಕಣ್ಣಂದಾಜು ಎಷ್ಟು ಎಂದು ತಿಳಿಯಬೇಕಾದರೆ ಲೆಕ್ಕ ತೆಗೆಯಬೇಕು. ಕಾಲೇಜಿನ ಪ್ರಾಜೆಕ್ಟ್ ಇರಲಿ, ಊರಿನ ಇತಿಹಾಸ ಬರೆಯುವುದಿರಲಿ, ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಮಕ್ಕಳಿಗೆ ಅಂಗನವಾಡಿ ಕೇಳುವ ಅರ್ಜಿಯಿರಲಿ, ದಾರಿ ಒಂದೇ. ಮೂರ್ನಾಲ್ಕು ಜನ ಸೇರಿದರೆ ಒಂದು ಕಾಫಿ ಸೀಸನ್ನಿನಲ್ಲಿ ಮುಗಿಯುತ್ತದೆ. ಮುಖ, ಹೆಸರು, ಉಡುಪು ನೋಡಿ ಜನರನ್ನು ವಿಂಗಡಿಸಲು ಮಾತ್ರ ಹೋಗಬೇಡಿ; ಆ ಲೆಕ್ಕ ಮೊದಲ ದಿನವೇ ಕೆಡುತ್ತದೆ.

ಕೇಳಬೇಕಾದ ಪ್ರಶ್ನೆ ಮೂರು: ಹುಟ್ಟಿದ್ದೆಲ್ಲಿ, ಇಲ್ಲಿಗೆ ಬರುವ ಮೊದಲು ಇದ್ದದ್ದೆಲ್ಲಿ, ಮನೆಮಾತು ಯಾವುದು. ಇವನ್ನು ಒಂದಕ್ಕೊಂದು ಬೆರೆಸಬಾರದು. ಅರಸೀಕೆರೆ ತಾಂಡಾದ ಲಂಬಾಣಿ ಅಜ್ಜಿ ಹುಟ್ಟಿದ್ದು ಇಲ್ಲೇ, ಮನೆಮಾತು ಬೇರೆ. ಘಟ್ಟದ ಕೆಳಗಿನಿಂದ ಮುತ್ತಜ್ಜನ ಕಾಲದಲ್ಲಿ ಬಂದ ಕೊಂಕಣಿ ಕ್ರೈಸ್ತರ ಮನೆಯಲ್ಲೂ ಅಷ್ಟೆ. ಬೇಲೂರಿನಿಂದ ಸಕಲೇಶಪುರಕ್ಕೆ ಮದುವೆಯಾಗಿ ಬಂದ ಹೆಣ್ಣುಮಗಳ ಮಾತು ಕನ್ನಡವೇ, ಆದರೆ ಜನಗಣತಿಯ ಲೆಕ್ಕದಲ್ಲಿ ಅವಳು ವಲಸೆ ಬಂದವಳು.

ಜನಗಣತಿಯ ಕೋಷ್ಟಕಗಳು

ರಿಜಿಸ್ಟ್ರಾರ್ ಜನರಲ್ ಕಚೇರಿಯ ಜಾಲತಾಣದಿಂದ ಕೋಷ್ಟಕಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಬೇಕಾದದ್ದು ಸಿ-16 (ಮಾತೃಭಾಷೆ, ತಾಲ್ಲೂಕಿನವರೆಗೆ), ಸಿ-1 (ಧರ್ಮ), ಡಿ ಸರಣಿ (ವಲಸೆ) ಮತ್ತು ವಾರ್ಡ್‌ವಾರು ಒಟ್ಟು ಅಂಕಿ ಇರುವ ಪ್ರಾಥಮಿಕ ಸಾರ. 2001 ಮತ್ತು 2011 ಎರಡನ್ನೂ ಇಳಿಸಿ, ನಿಮ್ಮ ತಾಲ್ಲೂಕಿನ (ಡಿ ಸರಣಿಯಲ್ಲಾದರೆ ಜಿಲ್ಲೆಯ) ಸಾಲುಗಳನ್ನಷ್ಟೇ ಒಂದೇ ಹಾಳೆಗೆ ತನ್ನಿ.

ಸಿ-16ರಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ದೊಡ್ಡ ಭಾಷೆಯ ಹೆಸರಿನ ಕೆಳಗೆ ಅದರ ಗುಂಪಿಗೆ ಸೇರಿಸಿದ ಮಾತೃಭಾಷೆಗಳು ಬರುತ್ತವೆ. ಲಂಬಾಣಿ, ಭೋಜ್‌ಪುರಿ, ಜಾರ್ಖಂಡ್ ಕಡೆಯ ಛೋಟಾನಾಗಪುರದ ಸಾದ್ರಿ ಎಲ್ಲವೂ ಹಿಂದಿಯ ಮೊತ್ತದೊಳಗೆ ಸೇರಿಕೊಂಡಿರುತ್ತವೆ. ಕಡೂರು, ಅರಸೀಕೆರೆ ಕಡೆಯ ಹಿಂದಿ ಅಂಕಿ ನೋಡಿ “ಉತ್ತರದವರು ತುಂಬಿಕೊಂಡರು” ಎಂದು ಬರೆದರೆ, ತಲೆಮಾರುಗಳಿಂದ ಇಲ್ಲೇ ಇರುವ ತಾಂಡಾಗಳನ್ನು ನಿನ್ನೆ ಬಂದವರೆಂದು ಬರೆದಂತಾಗುತ್ತದೆ. ಗುಂಪಿನ ಮೊತ್ತ ಬಿಡಿ, ಒಳಗಿನ ಸಾಲು ತೆಗೆದುಕೊಳ್ಳಿ. ಕೊಡಗಿನ ಯರವ ಬುಡಕಟ್ಟಿನವರ ಮಾತೂ ಹೀಗೆಯೇ ಮಲಯಾಳಂ ಗುಂಪಿನೊಳಗೆ ಕೂತಿದೆ.

ಡಿ ಸರಣಿಯಲ್ಲಿ ಒಟ್ಟು ವಲಸಿಗರ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಮದುವೆಯಾಗಿ ಬಂದ ಹೆಂಗಸರದು. “ರಾಜ್ಯದ ಹೊರಗೆ” ಎಂಬ ಸಾಲು, ವಲಸೆಯ ಕಾರಣ “ಕೆಲಸ” ಎಂಬ ಕಾಲಂ, ಇವೆರಡು ಸಾಕು. ಇದು ಜಿಲ್ಲಾ ಮಟ್ಟದ ಚಿತ್ರ, ಪೇಟೆಯದಲ್ಲ ಎಂದು ವರದಿಯಲ್ಲಿ ಬರೆಯಲು ಮರೆಯಬೇಡಿ.

ತಿಂಗಳ ವಿಷಯ ಇನ್ನೂ ಮುಖ್ಯ. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಅರೇಬಿಕಾ ಮುಗಿದು ರೋಬಸ್ಟಾ ಕೊಯ್ಲು ಜೋರಾಗಿ, ಮೆಣಸಿಗೂ ಆಳು ಬೇಕಾಗುವ ಹೊತ್ತದು. ಅಷ್ಟೂ ದಿನ ಸ್ವಂತ ಊರಿನಲ್ಲಿ ಇರದವರನ್ನು ಅವರು ಸಿಕ್ಕ ಕಡೆಯೇ ಎಣಿಸುವುದು ನಿಯಮ. ಹಾಗಾಗಿ ಜಾರ್ಖಂಡಿನಿಂದ ಕೊಯ್ಲಿಗೆ ಬಂದು ಫೆಬ್ರವರಿ ಪೂರ್ತಿ ಲೈನ್ ಮನೆಯಲ್ಲಿದ್ದವನು ಮೂಡಿಗೆರೆಯ ಲೆಕ್ಕಕ್ಕೆ ಬರುತ್ತಾನೆ. ಮನೆಪಟ್ಟಿ ಮಾಡುವ ಹಂತ ನಡೆಯುವುದು ಏಪ್ರಿಲ್ ನಂತರ. ಆಗ ಎಷ್ಟೋ ಲೈನುಗಳಿಗೆ ಬೀಗ ಬಿದ್ದಿರುತ್ತದೆ. ಮನೆ ಲೆಕ್ಕಕ್ಕೂ ಜನ ಲೆಕ್ಕಕ್ಕೂ ತಾಳೆಯಾಗದಿದ್ದರೆ ಮೊದಲು ಇದನ್ನು ಅನುಮಾನಿಸಿ. ಮುಂದಿನ ಜನಗಣತಿಯ ಆಧಾರ ದಿನಾಂಕವೂ 2027ರ ಮಾರ್ಚ್ 1 ಆಗಿರುವುದರಿಂದ ಹೋಲಿಕೆಗೆ ತೊಡಕಿಲ್ಲ.

ತೊಡಕಿರುವುದು ಗಡಿಯಲ್ಲಿ. ಕಳಸ ಮೂಡಿಗೆರೆಯಿಂದ, ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ಹೊಸ ತಾಲ್ಲೂಕುಗಳಾಗಿವೆ. 2011ರ ಮೂಡಿಗೆರೆಯನ್ನು 2027ರ ಮೂಡಿಗೆರೆಗೆ ನೇರ ಹೋಲಿಸಿದರೆ ಜನ ಊರು ಬಿಟ್ಟಂತೆ ಕಾಣುತ್ತದೆ. ಹೊಸ ತಾಲ್ಲೂಕನ್ನು ಅದು ಬೇರೆಯಾದ ಹಳೆಯ ತಾಲ್ಲೂಕಿಗೆ ಕೂಡಿಸಿಕೊಂಡೇ ನೋಡಬೇಕು. ಮೈಸೂರು ಸಂಸ್ಥಾನದ ಹಳೆಯ ಸಂಪುಟಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯನ್ನು ಕಡೂರು ಜಿಲ್ಲೆ ಎಂದೂ ಸಕಲೇಶಪುರ ತಾಲ್ಲೂಕನ್ನು ಮಂಜರಾಬಾದ್ ಎಂದೂ ಹುಡುಕಿ. ಜಾತಿವಾರು ವಿವರ ಬೇಕಿದ್ದರೆ 1931ರ ಸಂಪುಟ ನೋಡಿ.

ಪರಿಶಿಷ್ಟರ ಪಟ್ಟಿ ಬದಲಾದರೂ ಅಂಕಿ ಜಿಗಿಯುತ್ತದೆ. ಕರ್ನಾಟಕದ ಪರಿಶಿಷ್ಟ ಪಂಗಡದವರ ಸಂಖ್ಯೆ 1971ರಲ್ಲಿ ಸುಮಾರು 2.3 ಲಕ್ಷ, 1981ರಲ್ಲಿ 18 ಲಕ್ಷಕ್ಕೂ ಹೆಚ್ಚು. ಇಷ್ಟು ಜನ ಎಲ್ಲಿಂದಲೂ ಬಂದಿಳಿಯಲಿಲ್ಲ. ಗೊತ್ತಾದ ಪ್ರದೇಶದಲ್ಲಿದ್ದವರನ್ನು ಮಾತ್ರ ಪಂಗಡವೆಂದು ಪರಿಗಣಿಸುವ ನಿರ್ಬಂಧವನ್ನು 1976ರಲ್ಲಿ ತೆಗೆದದ್ದೇ ಇದಕ್ಕೆ ಮುಖ್ಯ ಕಾರಣ. ಲಂಬಾಣಿಗರು ನಮ್ಮಲ್ಲಿ ಪರಿಶಿಷ್ಟ ಜಾತಿ, ಬೇಲೂರು ತಾಲ್ಲೂಕು ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡ. ಎರಡನ್ನೂ “ಬುಡಕಟ್ಟು” ಎಂಬ ಒಂದೇ ಕಾಲಂಗೆ ಹಾಕಬೇಡಿ.

ಊರೊಳಗಿನ ದಾಖಲೆ

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆಯ ಕಾಲಂ ಇರುತ್ತದೆ. ಮುಖ್ಯೋಪಾಧ್ಯಾಯರ ಹತ್ತಿರ ಮಕ್ಕಳ ಹೆಸರು ಕೇಳದೆ, ಹತ್ತು ವರ್ಷಕ್ಕೊಂದರಂತೆ ಒಂದನೇ ತರಗತಿಗೆ ಸೇರಿದವರಲ್ಲಿ ಯಾವ ಭಾಷೆಯವರು ಎಷ್ಟೆಂಬ ಎಣಿಕೆ ಮಾತ್ರ ಕೇಳಿ. ಖಾಸಗಿ ಇಂಗ್ಲಿಷ್ ಶಾಲೆ ಬಂದ ಮೇಲೆ ಸರ್ಕಾರಿ ಶಾಲೆಯ ಲೆಕ್ಕ ಒಂದು ಕಡೆಗೆ ವಾಲುತ್ತದೆ, ಎರಡನ್ನೂ ತೆಗೆದುಕೊಳ್ಳಿ. ಚರ್ಚಿನ ಜ್ಞಾನಸ್ನಾನದ ದಾಖಲೆ ಮತ್ತು ಜಮಾತಿನ ಪಟ್ಟಿಯಿಂದ ಹಳೆಯ ಅಲೆಗಳು ಗೊತ್ತಾಗುತ್ತವೆ. ಮತದಾರರ ಪಟ್ಟಿ ಇದಕ್ಕೆ ಪ್ರಯೋಜನವಿಲ್ಲ: ಸೀಸನ್ನಿಗೆ ಬರುವವರ ವೋಟು ಅವರ ಊರಿನಲ್ಲಿರುತ್ತದೆ.

ಪುರಸಭೆಯ ಉದ್ದಿಮೆ ಪರವಾನಗಿ ಪುಸ್ತಕ, ಕಾರ್ಮಿಕ ಇಲಾಖೆಯ ಅಂತರರಾಜ್ಯ ಕಾರ್ಮಿಕರ ನೋಂದಣಿ, ಇವಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಆದೀತು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಆದ್ದರಿಂದ ಎರಡು ಇಲಾಖೆಗೆ ಎರಡು ಅರ್ಜಿ. “ಎಷ್ಟು ಜನ ವಲಸಿಗರಿದ್ದಾರೆ?” ಎಂದು ಕೇಳಿದರೆ “ಮಾಹಿತಿ ಲಭ್ಯವಿಲ್ಲ” ಎಂಬ ಒಂದು ಸಾಲಿನ ಉತ್ತರ ಬರುತ್ತದೆ. “ಇಂಥ ವರ್ಷದಿಂದ ಇಂಥ ವರ್ಷದವರೆಗಿನ ನೋಂದಣಿ ಪುಸ್ತಕದ ನಕಲು ಕೊಡಿ” ಎಂದು ಕೇಳಿ. ಉತ್ತರಕ್ಕೆ 30 ದಿನ. ಪರವಾನಗಿ ಇಲ್ಲದೆ ಆಳು ಕರೆತರುವ ಮೇಸ್ತ್ರಿಗಳ ಮೂಲಕ ಬಂದವರು ಈ ಪುಸ್ತಕದಲ್ಲಿ ಇರುವುದೇ ಇಲ್ಲ. ಇದನ್ನು ಕನಿಷ್ಠ ಅಂಕಿ ಎಂದಷ್ಟೇ ಓದಿ.

ಲೈನ್ ಮನೆಗಳಿಗೆ ಹೋಗುವಾಗ

ಕಾಗದದಲ್ಲಿ ಸಿಗದ್ದು ಲೈನಿನಲ್ಲಿ ಸಿಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಮೊದಲು ತೋಟದ ಮಾಲೀಕರ ಒಪ್ಪಿಗೆ ಪಡೆದು, ರೈಟರಿಂದ (ತೋಟದ ಲೆಕ್ಕ ಬರೆಯುವವರಿಂದ) ಲೈನ್ ಮನೆಗಳ ಸಂಖ್ಯೆ ಬರೆದುಕೊಳ್ಳಿ. 400 ಮನೆಯಿದ್ದರೆ ಪ್ರತಿ ನಾಲ್ಕನೆಯದಕ್ಕೆ ಹೋದರೆ 100 ಮನೆ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ನುಗ್ಗಬೇಡಿ, ಇನ್ನೊಂದು ಸಂಜೆ ಬನ್ನಿ. ಇಲ್ಲದಿದ್ದರೆ ಯಾವಾಗಲೂ ಮನೆಯಲ್ಲಿರುವವರೇ ಲೆಕ್ಕಕ್ಕೆ ಸಿಗುತ್ತಾರೆ. 100 ಉತ್ತರಕ್ಕೆ ಶೇಕಡಾ 10ರಷ್ಟು ಆಚೀಚೆ ಆಗಬಹುದು, 400ಕ್ಕೆ ಶೇಕಡಾ 5. ಶೇಕಡಾ 22 ಇದ್ದದ್ದು 26 ಆಯಿತೆಂದು 100 ಮನೆಯ ಬಲದ ಮೇಲೆ ಹೇಳಬಾರದು.

ಸಂಜೆ ಕೆಲಸ ಬಿಟ್ಟ ಮೇಲೆ ಅಥವಾ ರಜೆಯ ದಿನ ಹೋಗಿ. ರೈಟರ್, ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರೆ ಉತ್ತರ ಅವರ ಮುಖ ನೋಡಿಕೊಂಡು ಬರುತ್ತದೆ. ಅವರನ್ನು ಚಹಾಕ್ಕೆ ಕಳಿಸಿ. ಹಿಂದಿ ಬಂದರೆ ಸಾಕೆಂದುಕೊಳ್ಳಬೇಡಿ. ಗಂಡಸರ ಹತ್ತಿರ ನಡೆಯುತ್ತದೆ, ಹೆಂಗಸರ ಹತ್ತಿರ ಎಷ್ಟೋ ಸಲ ನಡೆಯುವುದಿಲ್ಲ. ಬಂಗಾಳಿ, ಸಾದ್ರಿ ಬಲ್ಲವರೊಬ್ಬರು ಜೊತೆಗಿರಲಿ.

ಪ್ರಶ್ನೆ ಕೇಳುವ ರೀತಿಯಲ್ಲೇ ಅರ್ಧ ಉತ್ತರ ಇರುತ್ತದೆ. “ನಿಮ್ಮ ಭಾಷೆ?” ಎಂದರೆ ಕೇಳಿದವರಿಗೆ ಅರ್ಥವಾಗಲೆಂದು “ಹಿಂದಿ” ಎನ್ನುತ್ತಾರೆ. “ಚಿಕ್ಕವರಿದ್ದಾಗ ಅಮ್ಮ ಯಾವ ಮಾತಿನಲ್ಲಿ ಕರೀತಿದ್ರು?” ಎಂದು ಕೇಳಿ, ಜನಗಣತಿಯೂ ಮಾತೃಭಾಷೆಯನ್ನು ಗೊತ್ತುಮಾಡುವುದು ಹೀಗೆಯೇ. ಊರು ಕೇಳಿದರೆ “ಅಸ್ಸಾಂ” ಎನ್ನುತ್ತಾರೆ. ಅಲ್ಲಿಗೆ ನಿಲ್ಲಿಸದೆ ಜಿಲ್ಲೆ ಕೇಳಿ, ಅಜ್ಜನ ಊರು ಕೇಳಿ. ಹೀಗೆ ಕೇಳಿದಾಗಲೇ ಚಹಾ ತೋಟದ ಆದಿವಾಸಿ ಕುಟುಂಬ, ಬೋಡೊ, ಬಂಗಾಳಿ ಮಾತಿನವರು ಬೇರೆ ಬೇರೆಯಾಗಿ ತಿಳಿಯುತ್ತಾರೆ. ಬ್ರಿಟಿಷರ ಕಾಲದಲ್ಲಿ ಛೋಟಾನಾಗಪುರದಿಂದ ಅಸ್ಸಾಮಿನ ಚಹಾ ತೋಟಕ್ಕೆ ಹೋದವರ ಮೊಮ್ಮಕ್ಕಳು ಇಂದು ನಮ್ಮ ಕಾಫಿ ತೋಟದಲ್ಲಿರುವುದು, ಸಾದ್ರಿ ಮಾತು ಅಸ್ಸಾಮಿನಿಂದ ಬರುವುದು ಇದೇ ದಾರಿಯಲ್ಲಿ. ಬಂಗಾಳಿ ಮಾತು ಪಶ್ಚಿಮ ಬಂಗಾಳದಲ್ಲೂ ಅಸ್ಸಾಮಿನ ಬರಾಕ್ ಕಣಿವೆಯಲ್ಲೂ ಇದೆ. ಮಾತು ಕೇಳಿ ಪೌರತ್ವ ಊಹಿಸುವುದು ಸಮೀಕ್ಷೆಯಲ್ಲ. ಆಧಾರ್ ಕೇಳಬೇಡಿ, ಫೋಟೊ ತೆಗೆಯಬೇಡಿ. ಕೇಳಿದಿರೋ, ಮರುದಿನ ಲೈನ್ ಖಾಲಿ.

ಲೆಕ್ಕ ಹಾಕುವಾಗ ಶೇಕಡಾವಾರನ್ನೂ ತಲೆಎಣಿಕೆಯನ್ನೂ ಪಕ್ಕಪಕ್ಕ ಇಡಿ. ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ 11,40,905 ಜನರಿದ್ದರು, 2011ರಲ್ಲಿ 11,37,961. ಒಟ್ಟು ಇಳಿದಿರುವಾಗ, ಹೊಸದಾಗಿ ಒಬ್ಬರೂ ಬಾರದೆ ಒಂದು ಗುಂಪಿನ ಪಾಲು ಏರಬಹುದು: ಉಳಿದವರ ಮಕ್ಕಳು ಬೆಂಗಳೂರು ಸೇರಿದರೆ ಸಾಕು. “ಯಾರು ಬಂದರು” ಎಂಬುದರ ಜೊತೆ “ಯಾರು ಹೋದರು” ಎಂಬುದಕ್ಕೂ ಒಂದು ಕಾಲಂ ಬೇಕು. ಊರಿನ ಹಳೆಯ ಮನೆಗಳಲ್ಲಿ “ಹೊರಗೆ ಇರುವ ಮಕ್ಕಳು ಎಷ್ಟು, ಎಲ್ಲಿ?” ಎಂದು ಕೇಳಿ ಅದನ್ನು ತುಂಬಿ.

ವರದಿಯಲ್ಲಿ ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪನ್ನು “ಇತರೆ”ಗೆ ಸೇರಿಸಿ. ಸಣ್ಣ ಪೇಟೆಯಲ್ಲಿ “ಬೋಡೊ ಮಾತಿನವರು 3, ವಾರ್ಡ್ 7” ಎಂದು ಬರೆದರೆ ಯಾರ ಮನೆಯೆಂದು ಎಲ್ಲರಿಗೂ ಗೊತ್ತಾಗುತ್ತದೆ. ತೋಟದ ಹೆಸರು ಬೇಡ. ಮನೆ ಸಂಖ್ಯೆಯ ಪಟ್ಟಿಯನ್ನು ಮಾತ್ರ ಜೋಪಾನವಾಗಿಟ್ಟು, ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದು ಮಳೆ ಹಿಡಿದ ಮೇಲೆ ಜೂನ್ ಕೊನೆಯಲ್ಲಿ ಅವೇ ಬಾಗಿಲುಗಳನ್ನು ಮತ್ತೊಮ್ಮೆ ತಟ್ಟಿ. ಆಗಲೂ ಸಿಕ್ಕವರನ್ನು ನೆಲೆಸಿದವರೆಂದೂ, ಸಿಗದವರನ್ನು ಸೀಸನ್ನಿನವರೆಂದೂ ಎರಡು ಸಾಲಿನಲ್ಲಿ ಬರೆದುಕೊಳ್ಳಿ.