ಸಂಶೋಧನಾ ಗ್ರಾಂಟ್, ಫೆಲೋಶಿಪ್: ಹುಡುಕುವುದು ಹೇಗೆ, ಅರ್ಜಿ ಹಾಕುವುದು ಹೇಗೆ

ಗ್ರಾಂಟ್ ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಗೂಗಲ್‌ನಲ್ಲಿ ‘ರಿಸರ್ಚ್ ಫೆಲೋಶಿಪ್’ ಎಂದು ಟೈಪ್ ಮಾಡುತ್ತಾರೆ. ರಾಶಿ ರಾಶಿ ಪುಟ ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಅವಧಿ ಮುಗಿದವು, ಇನ್ನೆಷ್ಟೋ ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದವು. ಇದಕ್ಕಿಂತ ನೇರವಾದ ದಾರಿ ನಿಮ್ಮ ಮೇಜಿನ ಮೇಲೇ ಇದೆ. ನೀವು ಪದೇ ಪದೇ ಉಲ್ಲೇಖಿಸುವ, ಕಳೆದ ಐದಾರು ವರ್ಷಗಳಲ್ಲಿ ಪ್ರಕಟವಾದ 20 ಪ್ರಬಂಧಗಳನ್ನು ತೆಗೆಯಿರಿ. ಪ್ರತಿಯೊಂದರ ಕೊನೆಯಲ್ಲಿರುವ ಕೃತಜ್ಞತೆಯ ಭಾಗ ಓದಿ. ಹಣ ಕೊಟ್ಟವರ ಹೆಸರು, ಯೋಜನೆಯ ಹೆಸರು, ಗ್ರಾಂಟ್ ಸಂಖ್ಯೆ ಅಲ್ಲಿರುತ್ತವೆ. ಮೂರು ನಾಲ್ಕು ಪ್ರಬಂಧಗಳಲ್ಲಿ ಒಂದೇ ಹೆಸರು ಬಂದರೆ, ಆ ಸಂಸ್ಥೆ ನಿಮ್ಮಂಥ ಕೆಲಸಕ್ಕೆ ಈಗಾಗಲೇ ಹಣ ಕೊಡುತ್ತಿದೆ ಎಂದರ್ಥ.

ಆ ಹೆಸರುಗಳನ್ನು ಹಿಡಿದು ಸಾರ್ವಜನಿಕ ಡೇಟಾಬೇಸ್‌ಗಳಿಗೆ ಹೋಗಿ. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೊಟ್ಟ ಗ್ರಾಂಟ್‌ಗಳು ‘ರಿಪೋರ್ಟರ್’ನಲ್ಲಿ, ಅಲ್ಲಿನ ವಿಜ್ಞಾನ ಪ್ರತಿಷ್ಠಾನ ಎನ್‌ಎಸ್‌ಎಫ್‌ನವು ಅದರದೇ ಅವಾರ್ಡ್ ಸರ್ಚ್‌ನಲ್ಲಿ, ಐರೋಪ್ಯ ಒಕ್ಕೂಟದವು ‘ಕಾರ್ಡಿಸ್’ನಲ್ಲಿ, ಬ್ರಿಟನ್ನಿನವು ‘ಗೇಟ್‌ವೇ ಟು ರಿಸರ್ಚ್’ನಲ್ಲಿ ಉಚಿತವಾಗಿ ಸಿಗುತ್ತವೆ. ಶೀರ್ಷಿಕೆ, ಸಾರಾಂಶ, ಎಷ್ಟು ವರ್ಷ, ಎಷ್ಟು ಹಣ ಎಂಬುದೆಲ್ಲ ಅಲ್ಲಿದೆ. ಗೆದ್ದ ಹತ್ತು ಸಾರಾಂಶಗಳನ್ನು ಒಂದೇ ಸಲಕ್ಕೆ ಕೂತು ಓದಿದರೆ ಆ ಯೋಜನೆಯವರಿಗೆ ಎಂಥ ಪ್ರಶ್ನೆ ಹಿಡಿಸುತ್ತದೆ, ಎಷ್ಟು ದೊಡ್ಡ ಕೆಲಸವನ್ನು ಅವರು ‘ಒಂದು ಗ್ರಾಂಟ್’ ಎಂದುಕೊಳ್ಳುತ್ತಾರೆ ಎಂಬ ಅಂದಾಜು ಬರುತ್ತದೆ. ಎನ್‌ಐಎಚ್‌ನ ಭಾಗವಾದ ಎನ್‌ಐಎಐಡಿ (ಅಲರ್ಜಿ, ಸೋಂಕುರೋಗಗಳ ಸಂಸ್ಥೆ), ಗ್ರಾಂಟ್ ಗೆದ್ದ ಕೆಲವು ಅರ್ಜಿಗಳನ್ನು ವಿಮರ್ಶಕರ ಟಿಪ್ಪಣಿಗಳ ಸಮೇತ ತನ್ನ ಜಾಲತಾಣದಲ್ಲಿ ಇಟ್ಟಿದೆ. ನಿಮ್ಮ ವಿಷಯ ಬೇರೆಯಾದರೂ ಒಂದನ್ನಾದರೂ ಓದಿ. ಆಮೇಲೆ ನಿಮ್ಮ ವಿಭಾಗದಲ್ಲಿ ಇತ್ತೀಚೆಗೆ ಗ್ರಾಂಟ್ ಪಡೆದವರನ್ನು ಅವರ ಪ್ರಸ್ತಾವನೆಯ ಪ್ರತಿ ಕೊಡುತ್ತೀರಾ ಎಂದು ಕೇಳಿ. ಕೇಳಲು ಸಂಕೋಚಪಡುವವರೇ ಹೆಚ್ಚು, ಆದರೆ ಕೇಳಿದರೆ ಕೊಡುವವರು ಸಾಕಷ್ಟು ಜನ ಇದ್ದಾರೆ.

ಫೆಲೋಶಿಪ್ ಮತ್ತು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಹುಡುಕುವವರಿಗೆ ಯುರೋಪಿನ ಮಟ್ಟಿಗೆ ‘ಯುರಾಕ್ಸೆಸ್’ ಜಾಲತಾಣ ಒಳ್ಳೆಯ ಜಾಗ. ಅಮೆರಿಕ ಸರ್ಕಾರದ ಫುಲ್‌ಬ್ರೈಟ್‌ನಂಥ ಯೋಜನೆಗಳಿಗೆ ಹೊರದೇಶದವರು ತಮ್ಮ ದೇಶದಲ್ಲಿರುವ ಫುಲ್‌ಬ್ರೈಟ್ ಆಯೋಗ ಅಥವಾ ಅಮೆರಿಕದ ರಾಯಭಾರ ಕಚೇರಿಯ ಮೂಲಕವೇ ಹೋಗಬೇಕು. ಕೊನೆಯ ದಿನವೂ ಅರ್ಹತೆಯೂ ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ಬೇರೆ ದೇಶದ ಸ್ನೇಹಿತರು ಹೇಳಿದ ದಿನಾಂಕವನ್ನು ನಂಬಬೇಡಿ. ಜರ್ಮನಿಯ ಹುಂಬೋಲ್ಟ್ ಫೌಂಡೇಶನ್ನಿನ ರಿಸರ್ಚ್ ಫೆಲೋಶಿಪ್‌ಗೆ ನಿಗದಿತ ಕೊನೆಯ ದಿನವೇ ಇಲ್ಲ, ವರ್ಷದ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಅರ್ಜಿಗೆ ಮೊದಲೇ ಹಣ ಕೇಳುವ ‘ಫೆಲೋಶಿಪ್’ ಕಂಡರೆ ಅಲ್ಲಿಗೇ ನಿಲ್ಲಿ. ಆ ಸಂಸ್ಥೆಯಿಂದ ಹಿಂದೆ ಹಣ ಪಡೆದವರ ಪಟ್ಟಿ ಸಾರ್ವಜನಿಕವಾಗಿ ಸಿಗದಿದ್ದರೆ ಅದನ್ನು ಕೈಬಿಡುವುದೇ ಸರಿ.

ಅರ್ಜಿ ಆಹ್ವಾನವನ್ನು ಓದುವ ರೀತಿ

ಅರ್ಜಿ ಆಹ್ವಾನದ ದಾಖಲೆಯನ್ನು ಪ್ರಿಂಟ್ ತೆಗೆದು, ಪೆನ್ನು ಹಿಡಿದು ಮೂರು ಸಲ ಓದಿ. ಮೊದಲ ಸಲ ಅರ್ಹತೆಗಾಗಿ ಮಾತ್ರ. ಪಿಎಚ್‌ಡಿ ಮುಗಿದು ಎಷ್ಟು ವರ್ಷದೊಳಗೆ ಇರಬೇಕು, ಆ ವರ್ಷಗಳನ್ನು ಯಾವ ದಿನದಿಂದ ಎಣಿಸುತ್ತಾರೆ, ಹೆರಿಗೆ ಅಥವಾ ಅನಾರೋಗ್ಯದ ರಜೆಗೆ ವಿನಾಯಿತಿ ಇದೆಯೇ, ಪೌರತ್ವದ ಷರತ್ತು ಏನು ಎಂಬುದನ್ನು ಗುರುತು ಹಾಕಿಕೊಳ್ಳಿ. ಐರೋಪ್ಯ ಒಕ್ಕೂಟದ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ನಲ್ಲಿ ‘ಚಲನೆ’ಯ ನಿಯಮವೊಂದಿದೆ: ಕೊನೆಯ ದಿನಕ್ಕೆ ಹಿಂದಿನ 36 ತಿಂಗಳಲ್ಲಿ ನೀವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಿದ್ದಿರಬಾರದು, ಅಷ್ಟು ಕಾಲ ಅಲ್ಲಿ ನಿಮ್ಮ ಮುಖ್ಯ ಕೆಲಸವನ್ನೋ ಓದನ್ನೋ ಮಾಡಿರಲೂಬಾರದು. ಇದನ್ನು ಎರಡು ತಿಂಗಳು ಬರೆದ ಮೇಲೆ ಗಮನಿಸಿದರೆ ಅಷ್ಟೂ ಶ್ರಮ ನೀರಿನಲ್ಲಿ ಹೋಮ.

ಎರಡನೇ ಸಲ ಅಂಕಗಳಿಗಾಗಿ ಓದಿ. ಯಾವ ಮಾನದಂಡಕ್ಕೆ ಎಷ್ಟು ತೂಕ ಎಂದು ಬರೆದಿದ್ದರೆ, ನಿಮ್ಮ ಪುಟಗಳನ್ನೂ ಸುಮಾರಾಗಿ ಅದೇ ಪ್ರಮಾಣದಲ್ಲಿ ಹಂಚಿ. ಪರಿಣಾಮ, ಪ್ರಸಾರಗಳಿಗೆ ಶೇ 30 ತೂಕ ಇರುವ ಕಡೆ ಅವಕ್ಕೆ ಕೊನೆಯ ಅರ್ಧ ಪುಟ ಕೊಡುವುದು ಬಹಳ ಜನ ಮಾಡುವ ತಪ್ಪು. ಮಾನದಂಡದಲ್ಲಿ ಬಳಸಿದ ಪದಗಳನ್ನೇ ನಿಮ್ಮ ಉಪಶೀರ್ಷಿಕೆಗಳಲ್ಲಿ ಬಳಸಿ. ಅಂಕ ಹಾಕುವ ಫಾರಂ ಎದುರಿಗಿಟ್ಟುಕೊಂಡು ಓದುವವರಿಗೆ ಬೇಕಾದದ್ದು ಆಗ ಥಟ್ಟನೆ ಸಿಗುತ್ತದೆ.

ಮೂರನೇ ಸಲ, ಅರ್ಜಿಯನ್ನು ಓದದೆಯೇ ಹಿಂತಿರುಗಿಸುವ ಕಾರಣಗಳಿಗಾಗಿ. ಪುಟಮಿತಿ, ಅಕ್ಷರದ ಗಾತ್ರ, ಅಂಚು, ಕಡ್ಡಾಯ ಲಗತ್ತುಗಳು. ಎನ್‌ಎಸ್‌ಎಫ್‌ನ ಒಂದು ಪುಟದ ಸಾರಾಂಶದಲ್ಲಿ ಬೌದ್ಧಿಕ ಮೌಲ್ಯವನ್ನೂ (ಜ್ಞಾನಕ್ಕೆ ಏನು ಸೇರುತ್ತದೆ) ವಿಶಾಲ ಪರಿಣಾಮವನ್ನೂ (ಸಮಾಜಕ್ಕೆ ಏನು ಉಪಯೋಗ) ಬೇರೆ ಬೇರೆಯಾಗಿ ಬರೆಯದಿದ್ದರೆ ಪ್ರಸ್ತಾವನೆ ವಿಮರ್ಶಕರ ಕೈಗೇ ಹೋಗುವುದಿಲ್ಲ. ಎನ್‌ಐಎಚ್‌ನ ಆರ್01 ಎಂಬ ಸಂಶೋಧನಾ ಗ್ರಾಂಟ್‌ಗೆ ಏನೇನು ಸಾಧಿಸುತ್ತೇವೆ ಎಂದು ಹೇಳುವ ಉದ್ದೇಶಗಳ ಪುಟ ಒಂದು, ಸಂಶೋಧನಾ ಯೋಜನೆ 12 ಪುಟ, ಅಕ್ಷರ 11 ಪಾಯಿಂಟ್‌ಗಿಂತ ಚಿಕ್ಕದಿರಬಾರದು. ಸ್ಪಷ್ಟವಾಗದ ವಿಷಯಗಳನ್ನು ಪಟ್ಟಿ ಮಾಡಿ ಹಣ ಕೊಡುವ ಸಂಸ್ಥೆಯಲ್ಲಿ ಆ ಯೋಜನೆಯನ್ನು ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್‌ಗೆ ಒಂದು ಚಿಕ್ಕ ಇಮೇಲ್ ಕಳಿಸಿ, ಜೊತೆಗೆ ನಿಮ್ಮ ಯೋಜನೆಯ ಒಂದು ಪ್ಯಾರಾ ಇರಲಿ. ‘ಇದು ನಿಮ್ಮ ವ್ಯಾಪ್ತಿಗೆ ಬರುತ್ತದೆಯೇ?’ ಎಂದು ಕೇಳುವುದು ತಪ್ಪಲ್ಲ. ‘ಬರುವುದಿಲ್ಲ’ ಎಂಬ ಉತ್ತರ ಬಂದರೂ ನಿಮಗೆ ಮೂರು ತಿಂಗಳು ಉಳಿಯಿತು.

ದಿನಗಳ ಲೆಕ್ಕ

ಕೊನೆಯ ದಿನದಿಂದ ಹಿಂದಕ್ಕೆ 12 ವಾರ ಎಣಿಸಿ. ಮೊದಲು ಮಾಡಬೇಕಾದದ್ದು ನೋಂದಣಿ. ಸಂಶೋಧಕರ ಗುರುತಿನ ಸಂಖ್ಯೆಯಾದ 16 ಅಂಕಿಯ ಆರ್ಕಿಡ್ (ORCID) ಉಚಿತವಾಗಿ ನಿಮಿಷಗಳಲ್ಲಿ ಸಿಗುತ್ತದೆ. ಆದರೆ ಸಂಸ್ಥೆಯ ಹೆಸರಿನಲ್ಲಿ ಆಗಬೇಕಾದ ನೋಂದಣಿಗಳು ವಾರಗಟ್ಟಲೆ ಹಿಡಿಯುತ್ತವೆ. ನಿಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಕಚೇರಿ ಅರ್ಜಿಗೆ ಸಹಿ ಹಾಕಬೇಕಾದರೆ ಅವರ ಒಳಗಿನ ಗಡುವು ಅಸಲಿ ಗಡುವಿಗಿಂತ ಐದರಿಂದ ಹತ್ತು ಕೆಲಸದ ದಿನ ಮುಂಚೆಯೇ ಇರುವುದು ಸಾಮಾನ್ಯ. ಅವರನ್ನು ಮೊದಲ ವಾರವೇ ಭೇಟಿ ಮಾಡಿ. ನಾಲ್ಕನೇ ವಾರದ ಹೊತ್ತಿಗೆ ಉದ್ದೇಶಗಳ ಪುಟ ಸಿದ್ಧವಿರಲಿ, ಎಂಟನೇ ವಾರಕ್ಕೆ ಪೂರ್ತಿ ಕರಡು. ಉಳಿದ ನಾಲ್ಕು ವಾರ ಇತರರು ಓದಲು ಮತ್ತು ನೀವು ತಿದ್ದಲು. ಈ ನಾಲ್ಕು ವಾರವನ್ನು ಬರವಣಿಗೆ ನುಂಗಿಹಾಕಲು ಬಿಡಬೇಡಿ, ಪ್ರಸ್ತಾವನೆ ನಿಜಕ್ಕೂ ಸುಧಾರಿಸುವುದು ಆಗಲೇ.

ಮೊದಲ ಪುಟ

ವಿಮರ್ಶಕರ ಮುಂದೆ ನಿಮ್ಮದೊಂದೇ ಅರ್ಜಿ ಇರುವುದಿಲ್ಲ. ತಮ್ಮ ಪಾಠ, ತಮ್ಮ ಲ್ಯಾಬ್ ಎಲ್ಲ ಮುಗಿಸಿ ರಾತ್ರಿ ಕೂತು ಓದುವವರು ಅವರು. ಪ್ಯಾನೆಲ್ಲಿನಲ್ಲಿ ನಿಮ್ಮ ಉಪಶಾಖೆಯವರು ಒಬ್ಬಿಬ್ಬರು ಇದ್ದರೆ ಹೆಚ್ಚು. ಉಳಿದವರು ಮೊದಲ ಪುಟವನ್ನಷ್ಟೇ ಗಮನವಿಟ್ಟು ಓದಿ ಸಭೆಗೆ ಬರುತ್ತಾರೆ. ಸಭೆಯಲ್ಲಿ ನಿಮ್ಮ ಪರವಾಗಿ ಮಾತಾಡುವವರಿಗೆ ಹೇಳಲು ಎರಡು ವಾಕ್ಯ ಬೇಕು, ಆ ಎರಡು ವಾಕ್ಯಗಳನ್ನು ನೀವೇ ಬರೆದುಕೊಟ್ಟಿರಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕರಡಿನಲ್ಲಿ ಹೀಗಿದೆ ಎಂದುಕೊಳ್ಳಿ: ‘ಬರದ ಪರಿಸ್ಥಿತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳ ಪಾತ್ರವನ್ನು ಸಮಗ್ರವಾಗಿ ಅಧ್ಯಯನ ಮಾಡುವುದು.’ ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಕೆಲಸ ಯಾವಾಗ ಮುಗಿಯಿತು ಎಂದು ಹೇಳಲು ಯಾರಿಂದಲೂ ಆಗದು. ಈಗ ಇದನ್ನು ನೋಡಿ: ‘ಒಣಗಿದ ಮಣ್ಣಿಗೆ ಮತ್ತೆ ನೀರು ಬಿದ್ದೊಡನೆ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಉಕ್ಕಿ ಬರುತ್ತದೆ. ಅದು ಸತ್ತ ಜೀವಕೋಶಗಳು ಕೊಳೆತು ಬಂದದ್ದೇ, ಬದುಕುಳಿದ ಬ್ಯಾಕ್ಟೀರಿಯಾಗಳು ಬರದಲ್ಲಿ ಕೂಡಿಟ್ಟುಕೊಂಡದ್ದನ್ನು ಕರಗಿಸಿದ್ದರಿಂದ ಬಂದದ್ದೇ ಎಂಬುದನ್ನು ಇಂಗಾಲ-13ರ ಗುರುತು ಹಾಕಿ, ಮೊದಲ 48 ಗಂಟೆಗಳ ಅವಧಿಯಲ್ಲಿ ಬೇರ್ಪಡಿಸಿ ಅಳೆಯುತ್ತೇವೆ.’ ಕಾಣುವ ಒಂದು ಸಂಗತಿ, ಎರಡು ಪ್ರತಿಸ್ಪರ್ಧಿ ವಿವರಣೆ, ಅವನ್ನು ಬೇರ್ಪಡಿಸುವ ವಿಧಾನ, ಕಾಲಮಿತಿ, ನಾಲ್ಕೂ ಇಲ್ಲಿವೆ. ಮಣ್ಣಿನ ವಿಷಯ ಗೊತ್ತಿಲ್ಲದವರಿಗೂ ಏನು ಪತ್ತೆಯಾಗಲಿದೆ ಎಂಬುದು ತಿಳಿಯುತ್ತದೆ. ಇತಿಹಾಸ, ಭಾಷಾಶಾಸ್ತ್ರದವರಿಗೂ ಇದೇ ಅಳತೆ: ಯಾವ ದಾಖಲೆಗಳು, ಯಾವ ಎರಡು ವ್ಯಾಖ್ಯಾನಗಳ ನಡುವಿನ ಜಗಳ, ನಿಮ್ಮ ಓದು ಅದನ್ನು ಹೇಗೆ ಬಗೆಹರಿಸುತ್ತದೆ.

ಉದ್ದೇಶಗಳು ಎರಡು ಅಥವಾ ಮೂರು ಸಾಕು. ಐದು ಉದ್ದೇಶ ಕಂಡರೆ ‘ಇದು ಅವಧಿಯಲ್ಲಿ ಮುಗಿಯುವುದಿಲ್ಲ’ ಎಂದು ವಿಮರ್ಶಕರು ಬರೆಯುತ್ತಾರೆ, ಅವರು ಬರೆಯುವುದು ಸರಿಯೇ. ಅದಕ್ಕಿಂತ ದೊಡ್ಡ ಅಪಾಯ ಒಂದರ ಮೇಲೊಂದು ನಿಂತ ಉದ್ದೇಶಗಳು. ಮೊದಲನೆಯದು ಫಲಿಸದಿದ್ದರೆ ಎರಡನೆಯದೂ ಮೂರನೆಯದೂ ಕುಸಿಯುತ್ತವೆ ಎಂದಾದರೆ ಪೂರ್ತಿ ಯೋಜನೆ ಒಂದು ಪ್ರಯೋಗದ ಮೇಲಿನ ಜೂಜಾಯಿತು. ಉದ್ದೇಶಗಳನ್ನು ಒಂದೇ ಪ್ರಶ್ನೆಯ ಬೇರೆ ಬೇರೆ ಬದಿಗಳಾಗಿ ಕಟ್ಟಿ. ‘ಏನು ಕೈಕೊಡಬಹುದು’ ಎಂಬ ಭಾಗದಲ್ಲಿ ಸುಳ್ಳು ಅಪಾಯಗಳನ್ನು ಬರೆಯಬೇಡಿ. ‘ಕಂಪ್ಯೂಟರ್ ಕೆಡಬಹುದು, ಬ್ಯಾಕಪ್ ಇಡುತ್ತೇವೆ’ ಎಂಬುದು ಯಾರಿಗೂ ಬೇಡ. ‘ಗುರುತು ಹಾಕಿದ ಇಂಗಾಲ ಎರಡೂ ಮೂಲಗಳಲ್ಲಿ ಬೆರೆತುಹೋದರೆ, ಗುರುತು ಹಾಕುವ ಅವಧಿಯನ್ನು ಬರಕ್ಕೆ ಮೊದಲಿನ ವಾರಕ್ಕೆ ಸೀಮಿತಗೊಳಿಸುತ್ತೇವೆ’ ಎಂಬುದು ನಿಮಗೆ ಕೆಲಸ ಗೊತ್ತಿದೆ ಎಂದು ತೋರಿಸುತ್ತದೆ.

ಫೆಲೋಶಿಪ್‌ನಲ್ಲಿ ತೂಕ ಸ್ವಲ್ಪ ಬೇರೆ. ಅಲ್ಲಿ ಯೋಜನೆಯಷ್ಟೇ ವ್ಯಕ್ತಿಯನ್ನೂ ಅಳೆಯುತ್ತಾರೆ: ಇವರಿಗೆ ಈ ಎರಡು ವರ್ಷ ಏನು ಕಲಿಸುತ್ತದೆ, ಈ ಲ್ಯಾಬಿಗೇ ಏಕೆ ಹೋಗಬೇಕು. ‘ವಿಶ್ವಪ್ರಸಿದ್ಧ ಸಂಸ್ಥೆ’ ಎಂಬ ಹೊಗಳಿಕೆ ಅದಕ್ಕೆ ಉತ್ತರವಲ್ಲ. ಅಲ್ಲಿ ಮಾತ್ರ ಇರುವ ಉಪಕರಣ, ಸಂಗ್ರಹ, ವಿಧಾನ ಯಾವುದು, ನೀವು ಅಲ್ಲಿಗೆ ಕೊಂಡೊಯ್ಯುವ ಯಾವ ಕೌಶಲ ಅವರ ಬಳಿ ಇಲ್ಲ ಎಂದು ಬರೆಯಿರಿ. ಹೋಸ್ಟ್ ಆಗಲಿರುವ ಪ್ರಾಧ್ಯಾಪಕರಿಗೆ ಕನಿಷ್ಠ ನಾಲ್ಕು ತಿಂಗಳು ಮುಂಚೆ ಇಮೇಲ್ ಹೋಗಬೇಕು. ಸುಮಾರು 150 ಪದ ಸಾಕು: ಅವರ ಯಾವ ಪ್ರಬಂಧದ ಯಾವ ಫಲಿತಾಂಶದಿಂದ ನಿಮ್ಮ ಪ್ರಶ್ನೆ ಹುಟ್ಟಿತು, ನೀವೇನು ಮಾಡಬೇಕೆಂದಿದ್ದೀರಿ, ಯಾವ ಫೆಲೋಶಿಪ್, ಗಡುವು ಯಾವಾಗ. ಸಿವಿ ಲಗತ್ತಿಸಿ. ಎರಡು ವಾರ ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ.

ಬಜೆಟ್

ಬಜೆಟ್ಟನ್ನು ವಿಧಾನದಿಂದ ಹೊರಡಿಸಬೇಕು, ಗರಿಷ್ಠ ಮೊತ್ತದಿಂದ ಹಿಂದಕ್ಕೆ ಬರಬಾರದು. ಮೇಲಿನ ಮಣ್ಣಿನ ಉದಾಹರಣೆಯಲ್ಲಿ ಎರಡು ಬಗೆಯ ಮಣ್ಣು, ಆರು ಸಮಯಬಿಂದುಗಳು, ಪ್ರತಿಯೊಂದಕ್ಕೂ ಐದು ಪುನರಾವರ್ತನೆ ಎಂದರೆ 60 ಮಾದರಿ. ಪ್ರತಿ ಮಾದರಿಯನ್ನು ಎರಡು ಸಲ ಓಡಿಸಿದರೆ 120 ವಿಶ್ಲೇಷಣೆ. ಕೆಡುವ ಮಾದರಿಗಳಿಗೂ ಮಾನಕಗಳಿಗೂ ಶೇ 10 ಸೇರಿಸಿ, 132. ಈ 132ನ್ನು ಒಂದು ವಿಶ್ಲೇಷಣೆಯ ದರದಿಂದ ಗುಣಿಸಿ, ದರಪಟ್ಟಿ ಎಲ್ಲಿಂದ ಬಂತೆಂದು ಪಕ್ಕದಲ್ಲೇ ಬರೆಯಿರಿ. ಹೀಗೆ ಬರೆದ ಸಾಲನ್ನು ಕತ್ತರಿಸುವುದು ಕಷ್ಟ. ‘ರಾಸಾಯನಿಕಗಳು, ಇತರೆ’ ಎಂಬ ದುಂಡು ಮೊತ್ತವನ್ನೇ ಮೊದಲು ಕತ್ತರಿಸುತ್ತಾರೆ.

ಕಡಿಮೆ ಕೇಳಿದರೆ ಗೆಲ್ಲುತ್ತೇವೆ ಎಂಬ ನಂಬಿಕೆ ಬಿಡಿ. ಕೆಲಸಕ್ಕೆ ಸಾಲದ ಬಜೆಟ್ ಕಂಡರೆ ಅನುಭವವಿಲ್ಲ ಎಂದುಕೊಳ್ಳುತ್ತಾರೆ. ಮರೆತುಹೋಗುವ ಸಾಲುಗಳು: ಎರಡನೇ ವರ್ಷದಿಂದ ಏರುವ ಸಂಬಳ, ಉಪಕರಣದ ನಿರ್ವಹಣೆ, ದತ್ತಾಂಶ ಸಂಗ್ರಹದ ವೆಚ್ಚ, ಮುಕ್ತ ಪ್ರಕಟಣೆಯ (ಎಲ್ಲರೂ ಉಚಿತವಾಗಿ ಓದಬಹುದಾದ ಪ್ರಬಂಧದ) ಶುಲ್ಕ, ವೀಸಾ ಮತ್ತು ವಿಮೆ. ಕಟ್ಟಡ, ವಿದ್ಯುತ್, ಆಡಳಿತದಂಥ ಖರ್ಚಿಗೆಂದು ಸಂಸ್ಥೆಗೆ ಹೋಗುವ ಓವರ್‌ಹೆಡ್ ಪ್ರತಿ ಯೋಜನೆಯಲ್ಲೂ ಬೇರೆ. ಐರೋಪ್ಯ ಒಕ್ಕೂಟದ ಸಂಶೋಧನಾ ಕಾರ್ಯಕ್ರಮ ಹೊರೈಜನ್ ಯುರೋಪ್‌ನಲ್ಲಿ ಸಾಮಾನ್ಯವಾಗಿ ನೇರ ವೆಚ್ಚದ ಮೇಲೆ ಶೇ 25ರ ನಿಗದಿತ ದರ. ಕೆಲವು ಪ್ರತಿಷ್ಠಾನಗಳು ಓವರ್‌ಹೆಡ್ ಕೊಡುವುದೇ ಇಲ್ಲ. ಗರಿಷ್ಠ ಮೊತ್ತ ಎಂದು ಬರೆದಿರುವುದು ಓವರ್‌ಹೆಡ್ ಸೇರಿಯೋ ಬಿಟ್ಟೋ ಎಂಬುದನ್ನು ಸಂಶೋಧನಾ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳದೆ ಲೆಕ್ಕ ಮುಗಿಸಬೇಡಿ.

ಶಿಫಾರಸು ಪತ್ರ, ಓದುಗರು, ಸಲ್ಲಿಕೆ

ಶಿಫಾರಸು ಪತ್ರ ಕೇಳಲು ನಾಲ್ಕು ವಾರ ಮುಂಚೆ ಹೋಗಿ. ‘ಬಲವಾದ ಪತ್ರ ಬರೆದುಕೊಡಲು ಆಗುತ್ತದೆಯೇ ಸರ್?’ ಎಂದೇ ಕೇಳಿ. ಹಿಂಜರಿದರೆ ಬೇರೆಯವರನ್ನು ನೋಡಿ. ಒಪ್ಪಿದವರಿಗೆ ಯೋಜನೆಯ ಒಂದು ಪುಟ, ಸಿವಿ, ಮಾನದಂಡಗಳು, ನಿಮ್ಮ ಯಾವ ಕೆಲಸವನ್ನು ಅವರು ಕಣ್ಣಾರೆ ಕಂಡಿದ್ದಾರೆ ಎಂಬ ನಾಲ್ಕೈದು ನೆನಪಿನ ಅಂಶಗಳನ್ನು ಕಳಿಸಿ. ಹೆಸರಾಂತರ ಮೂರು ಸಾಲಿನ ಹೊಗಳಿಕೆಗಿಂತ, ನಿಮ್ಮ ಜೊತೆ ಕೆಲಸ ಮಾಡಿದವರ ವಿವರವಾದ ಪತ್ರಕ್ಕೇ ಬೆಲೆ.

ಕರಡನ್ನು ಇಬ್ಬರಿಗೆ ಓದಲು ಕೊಡಿ, ಒಬ್ಬರು ನಿಮ್ಮ ವಿಷಯದವರು, ಇನ್ನೊಬ್ಬರು ಬೇರೆ ವಿಭಾಗದವರು. ಎರಡನೆಯವರಿಗೆ ಮೊದಲ ಪುಟವನ್ನಷ್ಟೇ ಕೊಟ್ಟು, ಹತ್ತು ನಿಮಿಷದ ನಂತರ ಅದನ್ನು ವಾಪಸ್ ತೆಗೆದುಕೊಂಡು, ‘ನಾನು ಏನು ಮಾಡಲು ಹೊರಟಿದ್ದೇನೆ, ಹೇಳಿ’ ಎಂದು ಕೇಳಿ. ಅವರು ತಪ್ಪಾಗಿ ಹೇಳಿದ ಜಾಗವೇ ತಿದ್ದಬೇಕಾದ ಜಾಗ. ಎಐ ಉಪಕರಣ ಬಳಸುವ ಮುನ್ನ ಆಯಾ ಸಂಸ್ಥೆಯ ನಿಯಮ ನೋಡಿ. ಎಐಯೇ ಬಹುಪಾಲು ಬರೆದ ಅರ್ಜಿಗಳನ್ನು ಅರ್ಜಿದಾರರ ಸ್ವಂತ ವಿಚಾರವೆಂದು ಪರಿಗಣಿಸುವುದಿಲ್ಲ ಎಂದು ಎನ್‌ಐಎಚ್ 2025ರಲ್ಲಿ ಹೇಳಿದೆ.

ಗಡುವು ಯಾವ ಊರಿನ ಸಮಯದ್ದು ಎಂದು ನೋಡಿಕೊಳ್ಳಿ. ಐರೋಪ್ಯ ಒಕ್ಕೂಟದ ಯೋಜನೆಗಳಲ್ಲಿ ಸಂಜೆ 5 ಎಂದರೆ ಬ್ರಸೆಲ್ಸ್‌ನ ಸಂಜೆ 5. ಎರಡು ದಿನ ಮುಂಚೆ ಒಮ್ಮೆ ಸಲ್ಲಿಸಿಬಿಡಿ. ಗಡುವಿನೊಳಗೆ ತಿದ್ದಿ ಮತ್ತೆ ಸಲ್ಲಿಸಲು ಹಲವು ಪೋರ್ಟಲ್‌ಗಳು ಬಿಡುತ್ತವೆ, ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಸಲ್ಲಿಸಿದ ಮೇಲೆ ಪೋರ್ಟಲ್ ತಯಾರಿಸಿದ ಪಿಡಿಎಫ್ ಇಳಿಸಿಕೊಂಡು ಪುಟ ಪುಟ ತಿರುವಿ. ಚಿತ್ರಗಳು ಮಸುಕಾಗಿರುವುದು, ಸಮೀಕರಣದ ಚಿಹ್ನೆಗಳು ಚೌಕಗಳಾಗಿರುವುದು, ಹಳೆಯ ಕರಡು ಅಪ್‌ಲೋಡ್ ಆಗಿರುವುದು ಗೊತ್ತಾಗುವುದು ಅಲ್ಲಿಯೇ.

ತಿರಸ್ಕಾರ ಬಂದರೆ

ವಿಮರ್ಶೆಯನ್ನು ಒಮ್ಮೆ ಓದಿ, ಒಂದು ವಾರ ಎತ್ತಿಡಿ. ಆಮೇಲೆ ಪ್ರತಿ ಟೀಕೆಯನ್ನೂ ಒಂದು ಟೇಬಲ್ಲಿಗೆ ಇಳಿಸಿ: ಟೀಕೆ, ಅದು ಹುಟ್ಟಿದ ಪುಟ, ಏನು ಬದಲಾಗಬೇಕು. ವಿಮರ್ಶಕರು ತಪ್ಪು ತಿಳಿದುಕೊಂಡಿದ್ದಾರೆ ಎನಿಸಿದ ಕಡೆಯೂ ಪುಟದ ಕಾಲಂ ತುಂಬಿಸಿ, ಏಕೆಂದರೆ ಅವರು ಅಲ್ಲಿ ದಾರಿ ತಪ್ಪಿದ್ದು ನಿಮ್ಮ ವಾಕ್ಯ ಓದಿಯೇ. ಮರುಸಲ್ಲಿಕೆಯ ನಿಯಮ ಒಂದೊಂದು ಕಡೆ ಒಂದೊಂದು. ಎನ್‌ಐಎಚ್‌ನಲ್ಲಿ 37 ತಿಂಗಳೊಳಗೆ ಒಂದು ಸಲ ಮರುಸಲ್ಲಿಸಬಹುದು, ಬದಲಾವಣೆಗಳನ್ನು ವಿವರಿಸುವ ಒಂದು ಪುಟದ ಪೀಠಿಕೆ ಜೊತೆಗಿರಬೇಕು. ಮೇರಿ ಕ್ಯೂರಿ ಫೆಲೋಶಿಪ್‌ನಲ್ಲಿ ನಿಗದಿತ ಮಟ್ಟಕ್ಕಿಂತ ಕಡಿಮೆ ಅಂಕ ಬಂದರೆ ಅದೇ ಹೋಸ್ಟ್ ಸಂಸ್ಥೆಯ ಜೊತೆ ಮರುವರ್ಷ ಅರ್ಜಿ ಹಾಕುವಂತಿಲ್ಲ, ಹಾಗಾಗಿ ‘ಅಭ್ಯಾಸಕ್ಕೆಂದು ಒಂದು ಹಾಕಿನೋಡೋಣ’ ಎನ್ನುವುದು ಅಲ್ಲಿ ನಷ್ಟದ ಲೆಕ್ಕ. ಟೀಕೆ ವಿಧಾನದ ಬಗ್ಗೆ ಇದ್ದರೆ ತಿದ್ದಿ ಅಲ್ಲಿಗೇ ಮತ್ತೆ ಹಾಕಿ. ‘ಪ್ರಶ್ನೆಯೇ ನಮಗೆ ಮುಖ್ಯವಲ್ಲ’ ಎಂಬರ್ಥದ ಟೀಕೆ ಮೂವರಲ್ಲಿ ಇಬ್ಬರಿಂದ ಬಂದಿದ್ದರೆ ಪ್ರಸ್ತಾವನೆಯನ್ನು ಹಾಗೇ ಇಟ್ಟುಕೊಂಡು, ಆ 20 ಪ್ರಬಂಧಗಳ ಕೃತಜ್ಞತೆಯ ಪಟ್ಟಿಯಲ್ಲಿ ಎರಡನೆಯದಾಗಿ ಗುರುತು ಹಾಕಿದ ಹೆಸರಿಗೆ ಹೋಗಿ.