ಬಿಗಿದುಕೊಂಡಿದ್ದ ರೀಲು ಬಿಚ್ಚಿದ್ದು

"ಅದು ಬಿಚ್ಚಲ್ಲ, ಸುಮ್ನೆ ಗಾಜಿನ ಪೆಟ್ಟಿಗೆಯಲ್ಲಿಡು" ಅಂದವರು ಒಬ್ಬಿಬ್ಬರಲ್ಲ. ಮೀನು ಹಿಡಿಯುವ ಗಾಳದ ದಾರ ಸುತ್ತುವ ಹಳೇ ರೀಲು ಅದು, ಅಮೆರಿಕದ ಕೆಂಟಕಿಯದು, ಜರ್ಮನ್ ಸಿಲ್ವರ್ (ತಾಮ್ರ, ನಿಕಲ್, ಸತುವಿನ ಮಿಶ್ರಲೋಹ) ಮೈ. ಹಿಡಿಕೆ ಅಲುಗುತ್ತಿರಲಿಲ್ಲ, ತಿರುಪುಗಳ ಸುತ್ತ ಹಸಿರು ಕಿಲುಬು. ಹೋದ ತಿಂಗಳು ಬಿಚ್ಚಿದೆ, ಒಂದು ತಿರುಪಿನ ತಲೆಯೂ ಕೆಟ್ಟಿಲ್ಲ.

ಇದಕ್ಕೆ ಮುಂಚೆ ಮೂರು ರೀಲು ಕೈಯಾರೆ ಹಾಳು ಮಾಡಿದ್ದೇನೆ. ಒಂದಕ್ಕೆ ಪಾಲಿಶ್ ಹಾಕಿ ಫಳಫಳ ಮಾಡಿದೆ. ಹಳೇ ಬಣ್ಣದ ಜೊತೆ ಮಾಡಿದವನ ಹೆಸರಿನ ಕೆತ್ತನೆಯೂ ಸವೆಯಿತು, ಕೊಂಡ ಬೆಲೆಯ ಅರ್ಧಕ್ಕೂ ಯಾರೂ ಕೇಳಲಿಲ್ಲ. ಇನ್ನೊಂದಕ್ಕೆ ಬೆಂಕಿ ತೋರಿಸಿ, ಟಿಕ್ ಟಿಕ್ ಸದ್ದು ಮಾಡಿಸುವ ಕ್ಲಿಕ್ ಸ್ಪ್ರಿಂಗ್‌ನ ಹದ ಕೆಡಿಸಿದೆ. ಮೂರನೆಯದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ: ತಿರುಪುಗಳನ್ನೆಲ್ಲ ಒಂದೇ ಬಟ್ಟಲಿಗೆ ಸುರಿದುಬಿಟ್ಟೆ! ಕೆಂಟಕಿ ರೀಲು ಮಾಡಿದ ಮೊದಮೊದಲಿನವರಾದ ಜಾರ್ಜ್ ಸ್ನೈಡರ್, ಮೀಕ್ ಸೋದರರು ಗಡಿಯಾರದ ಕೆಲಸದವರು. ಆ ಪರಂಪರೆಯಲ್ಲಿ ತಿರುಪನ್ನು ಅದರದೇ ತೂತಿಗೆ ಹೊಂದಿಸಿ ಕೂರಿಸುತ್ತಿದ್ದರು. ಭೂತಗನ್ನಡಿ ಹಿಡಿದರೆ ತಿರುಪಿನ ಮೇಲೊಂದು, ತೂತಿನ ಪಕ್ಕ ಅದರ ಜೋಡಿ ಗುರುತು ಕಾಣುತ್ತದೆ. ನಾನು ಭೂತಗನ್ನಡಿ ಹಿಡಿದದ್ದು ಸುರಿದ ಮೇಲೆ.

ಈ ಸಲ ಮೊದಲು ಸ್ಕ್ರೂಡ್ರೈವರ್ ಸರಿಮಾಡಿಕೊಂಡೆ. ಅಂಗಡಿಯದರ ತುದಿ ಇಳಿಜಾರು. ಒತ್ತಿ ತಿರುಗಿಸಿದರೆ ಮೇಲೆದ್ದು ತಿರುಪಿನ ತಲೆಯ ಕಚ್ಚಿನ ಅಂಚು ಕೀಳುತ್ತದೆ. ಎಣ್ಣೆಗಲ್ಲಿನ ಮೇಲೆ ತಿಕ್ಕಿ ತಿಕ್ಕಿ, ಎರಡು ಪಕ್ಕವೂ ನೇರವಾಗಿ, ಕಚ್ಚಿನ ತಳ ಮುಟ್ಟುವ ಹಾಗೆ ಮಾಡಿದೆ. ಎರಡು ಸಂಜೆ ಅದಕ್ಕೇ ಹೋಯಿತು. ಆಮೇಲೆ ಸೂಜಿ ಮೊನೆಯಿಂದ ದಿನಕ್ಕೊಂದು ಹನಿ ಎಣ್ಣೆ, ಹನ್ನೊಂದೋ ಹನ್ನೆರಡೋ ದಿನ. ಎಣ್ಣೆಗೆ ಏನು ಬೆರೆಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಬಿಚ್ಚುವ ಮುಂಚೆ ಕೂದಲೆಳೆಯಷ್ಟು ಬಿಗಿ ಮಾಡಿದೆ, 'ಟಿಕ್' ಅಂದಿತು. ಆಮೇಲೆ ಹಿಂದಕ್ಕೆ. ಒಂದು ತಿರುಪು ಹಟ ಹಿಡಿದು ಇನ್ನೂ ಐದು ದಿನ ಕಾಯಿಸಿತು.

ಕಾಯುವ ಬೇಸರಕ್ಕೆ ಮತ್ತೊಂದು ರೀಲಿನ ಎಬೊನೈಟ್ (ಗಟ್ಟಿ ರಬ್ಬರ್) ಬದಿಯನ್ನು ಬಿಸಿನೀರಿನಲ್ಲಿ ತೊಳೆಯಹೋದೆ. ಬೆಳಕು ತಿಂದ ಎಬೊನೈಟ್. ಕಪ್ಪು ಇದ್ದದ್ದು ಕಂದು ಬಣ್ಣಕ್ಕೆ ತಿರುಗಿತು. ಅದರ ಹಣವನ್ನೂ ಈ ಕೆಲಸದ ಖರ್ಚಿಗೇ ಸೇರಿಸಿಕೊಂಡಿದ್ದೇನೆ. ಎಲ್ಲ ಕೂಡಿದರೆ ರೀಲು ಕೊಂಡ ಬೆಲೆಯ ಒಂದೂವರೆ ಪಟ್ಟು ಆಗಿರಬಹುದು.

ಒಳಗೆ ಗಟ್ಟಿಯಾದ ಹಳೇ ಎಣ್ಣೆ ಬಿಟ್ಟರೆ ಚಕ್ರಗಳ ಹಲ್ಲುಗಳೆಲ್ಲ ಸರಿ ಇದ್ದವು. ತೊಳೆದು, ಗುರುತು ನೋಡಿಕೊಂಡು ತಿರುಪು ಕೂರಿಸಿದೆ. ಈಗ ಹಿಡಿಕೆ ಒಂದು ಸುತ್ತು ತಿರುಗಿಸಿದರೆ ದಾರದ ಸುರುಳಿ ನಾಲ್ಕು ಸುತ್ತುತ್ತದೆ. ಗಾಜಿನ ಪೆಟ್ಟಿಗೆ ಅಂದವರಲ್ಲಿ ಒಬ್ಬರು ಮೊನ್ನೆ ಕೊಂಡ ಬೆಲೆಯ ಮೂರು ಪಟ್ಟಿಗೆ ಕೇಳಿದರು. ಕೊಡಲಿಲ್ಲ.